ಬೇವಿನ ಟೊಂಗೆಗೊಂದು ಸರಿಜೋಡಿ

ಸಿಂದಗಿಯಲ್ಲಿ ನಾನಿರುವ ಬಾಡಿಗೆ ಮನೆಯ ಎದುರು ಯಾರೋ ಮನೆ ಕಟ್ಟಿಸುತ್ತಿದ್ದಾರೆ. ಮೇಲಿನ ಅಂತಸ್ತಿಗೆ ಇಟ್ಟಿಗೆ, ಕಾಂಕ್ರೀಟು ಏರಿಸಲೆಂದು ಮೇಸ್ತ್ರಿ ಒಂದು ಗಡಗಡಿ ಕಟ್ಟಿದ್ದಾನೆ. ಗಡಗಡಿ ಎಂದರೆ ಬಾವಿಯ ರಾಟೆಗೆ ನಮ್ಮ ಕಡೆಯ ಹೆಸರು. ಪಂಚಮಿ ಹಬ್ಬಕ್ಕೆ ಮುಂಚೆ ಒಂದು ಬೆಳಿಗ್ಗೆ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಚಹಾವನ್ನು ಬಸಿಗೆ ಸುರಿದುಕೊಳ್ಳುತ್ತಿದ್ದೆ. ಆ ಗಡಗಡಿ ಒಮ್ಮೆ 'ಕಿರ್ರ್' ಎಂದು ಸದ್ದು ಮಾಡಿ ಹಾಗೇ ನಿಂತಿತು. ಅಷ್ಟೇ ಆದದ್ದು. ಆದರೆ ನಾನು ಆಗಲೇ ಕುರ್ಚಿ ಬಿಟ್ಟು ಎದ್ದು ಗೋಡೆಗೆ ಬೆನ್ನು ಹಚ್ಚಿ ನಿಂತಿದ್ದೆ. ಬಸಿ ನೆಲದ ಮೇಲಿತ್ತು, ಚಹಾ ಅಂಗಿಯ ಮೇಲಿತ್ತು.

ಒಳಗಿನಿಂದ ನನ್ನ ಹೆಂಡತಿ ಕೇಳಿದಳು: "ಮತ್ತ ಟೊಂಗಿ ಬಿತ್ತೇನ್ರಿ?"

ನಮ್ಮ ಮನೆಯಲ್ಲಿ ಇದು ಹೊಸ ಪ್ರಶ್ನೆಯಲ್ಲ. ಬಸ್ಸಿನ ಬಾಗಿಲು ಕಿರುಗುಟ್ಟಲಿ, ಶಾಲೆಯ ಹಳೇ ಫ್ಯಾನು ಮುಲುಗಲಿ, ನನ್ನ ಪಾಲಿಗೆ ಒಂದು ಬೇವಿನ ಟೊಂಗೆ ಬಿದ್ದೇ ಬೀಳುತ್ತದೆ. ಒಮ್ಮೆ ಹತ್ತನೆಯ ತರಗತಿಯಲ್ಲಿ ಬೀಜಗಣಿತ ಹೇಳುತ್ತಿದ್ದಾಗ ಕಿಟಕಿಯ ಕದ ಕಿರ್ರೆಂದಿತು. ನಾನು ಮೇಜಿನ ಆ ಬದಿಗೆ ಹಾರಿದೆ. ಮಕ್ಕಳು ಅದನ್ನೂ ಲೆಕ್ಕದ ಒಂದು ಹಂತವೆಂದು ತಿಳಿದು ಗಂಭೀರವಾಗಿ ನೋಡುತ್ತ ಕೂತರು.

ಅಂಗಿ ಬದಲಿಸುವಷ್ಟರಲ್ಲಿ ದೊಡ್ಡವ್ವನ ಫೋನು ಬಂತು. ದೊಡ್ಡವ್ವ ನನ್ನ ತಾಯಿಯ ಅಕ್ಕ. ಬಸವನ ಬಾಗೇವಾಡಿಯಿಂದ ನಿಡಗುಂದಿಯ ಕಡೆ ಹೋಗುವಾಗ ಬಸ್ಸು ಒಂದು ಗಳಿಗೆ ನಿಲ್ಲುವ ಊರಲ್ಲಿ ಅವಳ ಮನೆ. ಫೋನಿನಲ್ಲಿಯೂ ಹೊಲದ ಆಚೆ ಬದಿಗೆ ಕೇಳಬೇಕೆನ್ನುವಂತೆಯೇ ಅವಳು ಮಾತಾಡುವುದು.

"ತಮ್ಮಾ, ಪಂಚಮಿಗಿ ಬರ್ತೀಯೋ ಇಲ್ಲೋ? ಜೋಕಾಲಿ ಕಟ್ಟಾಕ ನೀನೂ ಬೇಕು. ಹ್ವಾದ ವರ್ಷ ಬಂದು ಕಟ್ಟಿ ಮ್ಯಾಲೆ ಕುಂತು ಉಂಡಿ ತಿಂದು ಹ್ವಾದಿ. ಗಿಡದ ಬುಡಕ ಕಾಲ ಇಡಲಿಲ್ಲ. ನನಗ ಗೊತ್ತಿಲ್ಲಂತ ತಿಳದೀಯೇನು?"

ಬರುತ್ತೇನೆ ಎಂದೆ. ಹೋದೆನೋ ಇಲ್ಲವೋ ಎನ್ನುವ ಮೊದಲು ಆ ಮರದ ಕತೆಯನ್ನು ನಿಮಗೆ ಹೇಳದಿದ್ದರೆ ಹೇಗೆ? ಬನ್ನಿ, ಕೂತುಕೊಳ್ಳಿ. ಗಡಗಡಿಯ ಕಡೆಗೆ ಬೆನ್ನು ಮಾಡಿ ಕೂತರೆ ನನಗೂ ಅನುಕೂಲ.

ದೊಡ್ಡವ್ವನದು ಮಣ್ಣಿನ ಮಾಳಿಗೆಯ ಹಳೇ ಮನೆ. ಮನೆಗೂ ದನದ ಕೊಟ್ಟಿಗೆಗೂ ನಡುವಿನ ಅಂಗಳದಲ್ಲಿ ಒಂದು ಬೇವಿನ ಮರ. ನೀವು ದಕ್ಷಿಣದವರಾದರೆ ಮರ ಎನ್ನುತ್ತೀರಿ, ನಮ್ಮಲ್ಲಿ ಆಕಾಶಕ್ಕೆ ಮುಟ್ಟಿದರೂ ಅದು ಗಿಡವೇ. ಅದರ ಒಂದು ಟೊಂಗೆ ಬಾವಿಯ ಕಡೆಗೆ ನೆಟ್ಟಗೆ, ಯಾರೋ ತೋಳು ಚಾಚಿದಂತೆ ಹೋಗಿದೆ. ಅದು ಜೋಕಾಲಿಯ ಟೊಂಗೆ. ಪಂಚಮಿಗೆ ದೊಡ್ಡವ್ವನ ಹೆಣ್ಣುಮಕ್ಕಳು ಇಂಡಿಯಿಂದ, ಮುದ್ದೇಬಿಹಾಳದಿಂದ ಬರುತ್ತಾರೆ. ಬಂದವರು ಚಪ್ಪಲಿ ಬಿಡುವ ಮೊದಲು ನೋಡುವುದು ತಾಯಿಯ ಮುಖವನ್ನಲ್ಲ, ಜೋಕಾಲಿ ಕಟ್ಟಿದೆಯೋ ಇಲ್ಲವೋ ಎಂದು. ಅತ್ತೆಯ ಮನೆಯಲ್ಲಿ ತಲೆಯ ಮೇಲಿನ ಸೆರಗು ಜಾರಗೊಡದ ಹೆಂಗಸರು ಇಲ್ಲಿ ಜೀಕಿ ಜೀಕಿ ಬೇವಿನ ಎಲೆಯನ್ನು ಬಾಯಿಂದ ಕಚ್ಚಿ ತರುವ ಪಂದ್ಯ ಕಟ್ಟುತ್ತಾರೆ. ಅಳ್ಳಿಟ್ಟು, ಶೇಂಗಾ ಉಂಡಿ, ನಗು, ಒಂದಿಷ್ಟು ಅಳು. ಅಳು ಯಾಕೆಂದು ಗಂಡಸರು ಕೇಳಬಾರದು, ಕೇಳಿದರೆ ಹೇಳುವುದೂ ಇಲ್ಲ.

ಮರದ ಇನ್ನೊಂದು ಟೊಂಗೆ ಮನೆಯ ಕಡೆಯದು. ಇನ್ನೂ ದಪ್ಪ, ಇನ್ನೂ ಸೊಕ್ಕಿನದು. ಅದರ ನೆರಳಿನಲ್ಲಿ ದೊಡ್ಡವ್ವನ ಹೊರಸು. ಬೆಳಗಿನ ಚಹಾದಿಂದ ಸಂಜೆಯ ಜಗಳದವರೆಗೆ ಅವಳ ಸಂಸಾರವೆಲ್ಲ ಆ ಹಗ್ಗದ ಮಂಚದ ಮೇಲೆಯೇ. ಎರಡು ವರ್ಷದ ಹಿಂದೆ ಕಾರಹುಣ್ಣಿಮೆ ಮುಗಿದ ಮೇಲೆ ಬಂದ ಗಾಳಿಮಳೆಗೆ ಈ ಟೊಂಗೆ ಬುಡದ ಹತ್ತಿರ ಸೀಳಿತು. ಬೀಳಲಿಲ್ಲ, ಬೀಳುತ್ತೇನೆ ಎಂದು ಹೆದರಿಸುತ್ತ ನಿಂತಿತು. ಬಿದ್ದರೆ ಒಂದು ಕಡೆ ಮಾಳಿಗೆ, ಇನ್ನೊಂದು ಕಡೆ ಕೊಟ್ಟಿಗೆಯ ತಗಡು. ಕಡಿದು ಕೆಡವುವಂತಿಲ್ಲ, ಕೂಸನ್ನು ತೊಟ್ಟಿಲಿಂದ ಇಳಿಸಿದಂತೆ ಇಳಿಸಬೇಕು.

ನಮ್ಮ ಕಡೆ ಮರ ಇಳಿಸುವವರೆಂದು ಬೇರೆ ಜನ ಇಲ್ಲ. ಕುರಿ, ಆಡು ಸಾಕುವವರು ಮೇವಿಗೆಂದು ಮರ ಹತ್ತಿ ತಪ್ಪಲು, ಅಂದರೆ ಸೊಪ್ಪು, ಕಡಿಯುತ್ತಾರೆ, ಅವರನ್ನೇ ಕರೆಯುವುದು. ಕೂಲಿಯೆಂದರೆ ಆ ತಪ್ಪಲೇ. ಹಾಗಾಗಿ ಊರಿನ ಆಡು ಕಾಯುವ ಬೀರಪ್ಪ ಕೊಡಲಿಯ ಜೊತೆಗೆ ತನ್ನ ಆಡುಗಳನ್ನೂ ಕರೆದುಕೊಂಡು ಬಂದ, ಮದುವೆಗೆ ಬಂಧುಬಳಗ ಕರೆತಂದವರ ಹಾಗೆ. ಬೀರಪ್ಪ ಮರದ ಮೇಲಿದ್ದಾಗ ಅವನ ಬಾಯಿಗೆ ಬಿಡುವಿಲ್ಲ. ನೆಲದ ಮೇಲಿದ್ದಾಗಲೂ ಇಲ್ಲ, ಆದರೆ ಮೇಲಿಂದ ಊರಿಗೆಲ್ಲ ಕೇಳುತ್ತದೆ.

ಇನ್ನು ಸಾಮಾನು. ದೊಡ್ಡವ್ವನ ಮಗ ಸಂಗಣ್ಣ ಎಲ್ಲದರಲ್ಲೂ ಅತ್ಯುತ್ತಮವಾದದ್ದನ್ನೇ ತರುವ ಮನುಷ್ಯ. ಟ್ರ್ಯಾಕ್ಟರು ಕೆಸರಲ್ಲಿ ಹೂತರೆ ಜಗ್ಗುವ ನೈಲಾನ್ ಹಗ್ಗ ತಂದ, ಹೊಚ್ಚ ಹೊಸದು, ನನ್ನ ಮುಂಗೈ ದಪ್ಪದ್ದು. ಮೇಲಿನ ಕವಲಿಗೆ ಸುತ್ತಲು ಹಿಟ್ಟಿನ ಗಿರಣಿಯ ಬೆಲ್ಟು ತಂದ. ಕೊನೆಗೆ ಬಾವಿಯ ಗಡಗಡಿಯನ್ನು ಇಳಿಸಿದ.

ಈ ಗಡಗಡಿಯ ವಿಷಯ ನಿಮಗೆ ಹೇಳಲೇಬೇಕು. ನಲ್ಲಿಯ ನೀರು ಬಂದು ಬಾವಿ ಸುಮ್ಮನಾದರೂ ಅಮಾವಾಸ್ಯೆಗೆ ಅದಕ್ಕೆ ವಿಭೂತಿ ತಪ್ಪಿಲ್ಲ. ಆ ಮನೆಯ ಮದುವೆ, ಬಾಣಂತನ, ಎಲ್ಲದರ ನೀರನ್ನೂ ಎಳೆದದ್ದು ಅದು. ಎಂದೂ ಕೈಕೊಟ್ಟಿಲ್ಲ. ಮನೆಯಲ್ಲಿ ಇಂಥ ಗಡಗಡಿ ಇರುವಾಗ ಬೇರೆಯದನ್ನು ತಂದರೆ ಹಿರಿಯರನ್ನು ಕಟ್ಟೆಯ ಮೇಲೆ ಕೂರಿಸಿ ಪಕ್ಕದ ಮನೆಯವರನ್ನು ಸಲಹೆ ಕೇಳಿದ ಹಾಗೆ. ಯಾರಿಗೂ ಆ ಯೋಚನೆಯೇ ಬರಲಿಲ್ಲ. ದೊಡ್ಡವ್ವ ತಾನೇ ಅದಕ್ಕೆ ಕುಂಕುಮ ಹಚ್ಚಿ ಬೀರಪ್ಪನ ಕೈಗೆ ಕೊಟ್ಟಳು.

ಹೀಗೆ ಟ್ರ್ಯಾಕ್ಟರಿನ ಹಗ್ಗ, ಗಿರಣಿಯ ಬೆಲ್ಟು, ಬಾವಿಯ ಗಡಗಡಿ, ಮೂರೂ ತಮ್ಮ ತಮ್ಮ ಊರಿನ ಪೈಲವಾನರು, ಒಂದೇ ಟೊಂಗೆಗೆ ಬಂದು ಸೇರಿದವು. ಒಬ್ಬರನ್ನೊಬ್ಬರು ಹಿಂದೆ ಎಂದೂ ಕಂಡವರಲ್ಲ.

ಆ ಹೊತ್ತಿಗೆ ದೊಡ್ಡವ್ವನ ಮನೆಗೆ ಬಂದಿದ್ದ ನಾನು ಕಟ್ಟೆಯ ಮೇಲೆ ಚಹಾ ಹಿಡಿದು ಕೂತಿದ್ದೆ. ಕಾಲೇಜಿನಲ್ಲಿ ನಾನೂ ರಾಟೆಗಳ ಲೆಕ್ಕ ಬಿಡಿಸಿದವನೇ. ಆ ರಾಟೆಗಳಿಗೆ ಭಾರವಿರಲಿಲ್ಲ, ತಿಕ್ಕಾಟವಿರಲಿಲ್ಲ, ಹಗ್ಗಕ್ಕೆ ದಪ್ಪವೇ ಇರಲಿಲ್ಲ. ಕೆಳಗೆ ಯಾರ ಮನೆಯ ಹೊರಸೂ ಇರುತ್ತಿರಲಿಲ್ಲ. ದೊಡ್ಡವ್ವ ಮಾತ್ರ ತನ್ನ ಹೊರಸಿನ ಮೇಲೆ ಮೊಣಕಾಲು ಮಡಿಚಿ ಕೂತಿದ್ದಳು. ಇವತ್ತಾದರೂ ಅಲ್ಲಿಂದ ಏಳು ಎಂದು ಸಂಗಣ್ಣ ಹೇಳಿದ್ದಕ್ಕೆ, "ಮದಲ ತುದಿ ಇಳಸರಿ. ನನ್ನ ಮ್ಯಾಲಿಂದು ಬಂದಾಗ ಎದ್ದರಾತು" ಎಂದಿದ್ದಳು. ಲೆಕ್ಕ ಸರಿಯಾಗಿಯೇ ಇತ್ತು. ಟೊಂಗೆಯ ತುದಿಯ ಭಾಗ ಅವಳಿಂದ ದೂರವೇ ಇತ್ತು.

ಬೀರಪ್ಪ ತುದಿಗೆ ಹಗ್ಗ ಬಿಗಿದು ಕೊಡಲಿ ಹಾಕಿದ. ಕೆಳಗೆ ಸಂಗಣ್ಣ ಮತ್ತು ಅಕ್ಕಪಕ್ಕದವರು ಹಗ್ಗದ ಇನ್ನೊಂದು ಕೊನೆ ಹಿಡಿದಿದ್ದರು. ಟೊಂಗೆ ಬಿಟ್ಟುಕೊಂಡಿತು, ತೂಗಿತು, ಹಗ್ಗ ಗಡಗಡಿಯ ಮೇಲೆ ಹರಿಯತೊಡಗಿತು. "ಭಲೇ! ಹೆಂಗ ಇಳದಾಳ ನೋಡ್ರಿ, ಹೊಸಾ ಸೊಸಿ ಬಂದಂಗ!" ಎಂದು ಬೀರಪ್ಪ ಕೂಗಿದ.

ಆಗ 'ಕಿರ್ರ್' ಎಂದು ಗಡಗಡಿ ನಿಂತಿತು. ಹಗ್ಗ ಗಾಲಿಯ ಮೇಲಿಂದ ಜಾರಿ, ಗಾಲಿಗೂ ಬದಿಯ ಪಟ್ಟಿಗೂ ನಡುವೆ ಸಿಕ್ಕಿಬಿದ್ದಿತ್ತು. ಟೊಂಗೆ ಅಂತರದಲ್ಲಿ ತಿರುಗುತ್ತ ನಿಂತಿತು, ಯಾವ ಕಡೆ ಹೋಗಲೆಂದು ಯೋಚಿಸುವಂತೆ.

ಆ ಕ್ಷಣದಲ್ಲಿ ಬೀರಪ್ಪನ ಕರಿಯ ಆಡು ಜಗುಲಿಯ ಮೇಲಿಟ್ಟ ಜೋಳದ ಬುಟ್ಟಿಗೆ ಬಾಯಿ ಹಾಕಿತು. ಗಿರಣಿಗೆ ಕಳಿಸಲೆಂದು ದೊಡ್ಡವ್ವ ಕೂತು ಹಸನು ಮಾಡಿದ ಜೋಳ ಅದು. ಟೊಂಗೆ ಸಿಕ್ಕಿಬಿದ್ದರೂ ಅಲುಗದವಳು ಆಡನ್ನು ಕಂಡು ಎದ್ದಳು. "ಹಾಯ್! ನಿನ್ನ ಬಾಯಾಗ ಮಣ್ಣ ಹಾಕಲಿ! ಬೀರ್‍ಯಾ, ನಿನ್ನ ಆಡಿಗಿ ಏನು ಹೆರಿಗಿ ಊಟ ಇಟ್ಟೇನೇನೋ ಇಲ್ಲೆ?" ಎನ್ನುತ್ತ ಕೋಲು ಹಿಡಿದು ಜಗುಲಿಯ ಕಡೆ ಓಡಿದಳು.

ಸಂಗಣ್ಣ ಸಿಕ್ಕಿದ ಹಗ್ಗ ಬಿಡಿಸಲು ಒಮ್ಮೆ ಸಡಿಲ ಬಿಟ್ಟು ಒಮ್ಮೆ ಜಗ್ಗಿದ. ಬಾವಿಯ ಕೊಡ ಸಿಕ್ಕಿಕೊಂಡರೆ ನಾವೆಲ್ಲ ಮಾಡುವುದು ಹಾಗೆಯೇ. ಗಡಗಡಿಯ ಕೊಕ್ಕೆ ಬಾಯಿ ತೆರೆಯಿತು. ಅಷ್ಟು ದಪ್ಪ ಕಬ್ಬಿಣ ನೆಟ್ಟಗಾಗುವುದನ್ನು ನಾನು ಕಣ್ಣಾರೆ ನೋಡಿದೆ, ಕಾಲ ಅಲ್ಲಿ ನಿಂತುಬಿಟ್ಟಿತ್ತು. ಆಮೇಲೆ ಎಲ್ಲವೂ ಒಟ್ಟಿಗೆ ನಡೆಯಿತು. ಗಡಗಡಿ ನನ್ನ ಕಿವಿಯ ಪಕ್ಕ ದುಂಬಿಯ ಹಾಗೆ ಗುಂಯ್ ಎಂದು ಹಾರಿ ದನದ ನೀರಿನ ತೊಟ್ಟಿಗೆ ಬಿತ್ತು. ಟೊಂಗೆ ನೇರ ಬೀಳದೆ, ಹಗ್ಗ ಇನ್ನೂ ಬೆಲ್ಟಿಗೆ ತೊಡರಿದ್ದರಿಂದ ಜೀಕಿಕೊಂಡು ಬಂದು ಹೊರಸಿನ ಮೇಲೆ ಅಪ್ಪಳಿಸಿತು. ಹೊರಸಿನ ಕಾಲುಗಳು ನಾಲ್ಕು ದಿಕ್ಕಿಗೆ ಹೋದವು.

ಧೂಳು, ಬೇವಿನ ಹಸಿ ಕಹಿ ವಾಸನೆ. ಧೂಳಿನ ಆಚೆಯಿಂದ ದೊಡ್ಡವ್ವನ ದನಿ ಬಂತು, ಅವಳು ಇನ್ನೂ ಆಡನ್ನು ಬೈಯುತ್ತಲೇ ಇದ್ದಳು. ಜಗತ್ತಿನಲ್ಲಿ ಅದಕ್ಕಿಂತ ಇಂಪಾದ ಬೈಗಳನ್ನು ನಾನು ಕೇಳಿಲ್ಲ. ತಿರುಗಿ ನೋಡಿದಳು, ಹೊರಸಿಲ್ಲ. "ನನ್ನ ಚಸ್ಮಾ ಅದರ ಮ್ಯಾಲಿತ್ತಲ್ಲೋ" ಎಂದಳು.

ನನ್ನ ಕೈಯಲ್ಲಿನ ಚಹಾ ಹಾಗೇ ಇತ್ತು. ಅಂದು ಒಂದು ಹನಿಯೂ ಚೆಲ್ಲಿರಲಿಲ್ಲ. ಚೆಲ್ಲುವುದೆಲ್ಲ ಆಮೇಲೆ, ಕಂತುಕಂತಾಗಿ ನಡೆದಿದೆ. ಆಡು ಆ ಬುಟ್ಟಿಯ ಬದಲು ತಪ್ಪಲಿಗೆ ಬಾಯಿ ಹಾಕಿದ್ದರೆ? ದೊಡ್ಡವ್ವ ಆ ಬುಟ್ಟಿಯನ್ನು ಒಳಗಿಟ್ಟಿದ್ದರೆ? ಕಣ್ಣು ಮುಚ್ಚಿದರೆ ಸಾಕು, ಟೊಂಗೆ ತಿರುಗುತ್ತದೆ, ಕೊಕ್ಕೆ ಬಾಯಿ ತೆರೆಯುತ್ತದೆ, ನಾನು ಅವಳನ್ನು ಎಬ್ಬಿಸಲು ಬಾಯಿ ತೆರೆಯುತ್ತೇನೆ, ದನಿ ಹೊರಡುವುದಿಲ್ಲ. ಆಡು ಬಂದೇ ಎಬ್ಬಿಸಬೇಕು.

ಸಂಗಣ್ಣನ ಮುಖ ಬೂದಿ ಬಣ್ಣಕ್ಕೆ ತಿರುಗಿತ್ತು. ಅವತ್ತೇ ಆಣೆ ಮಾಡಿಬಿಟ್ಟ. "ಬುಡದಾಗಿಂದ ಕಡಸ್ತೇನಿ. ಅಡ್ಡಾದವರು ಬರಲಿ, ಗಿಡಾನ ಒಯ್ಯಲಿ. ಮನಿ ಮುಂದ ಇಂಥಾದ್ದು ಇರಾಕ ಬ್ಯಾಡ." ಅಡ್ಡೆ ಎಂದರೆ ಬಾಗೇವಾಡಿಯ ಕಟ್ಟಿಗೆ ಅಡ್ಡೆ. ಅವರು ಬಂದರೆ ಜೋಕಾಲಿಯ ಟೊಂಗೆಯೂ ಉಳಿಯುವುದಿಲ್ಲ.

"ಗಿಡ ಏನ ಮಾಡೈತೋ ನಿನಗ?" ಎಂದಳು ದೊಡ್ಡವ್ವ.

"ಅವ್ವಾ, ನೀ ಇವತ್ತ ಸಾಯ್ತಿದ್ದಿ."

"ಸತ್ತಿಲ್ಲಲ್ಲ. ನನ್ನ ತವರು ನನ್ನ ಅವ್ವನ ಜೋಡೀನ ಮುಗೀತು. ನನ್ನ ಹುಡುಗ್ಯಾರ ತವರು ಇನ್ನೂ ಐತಿ. ಪಂಚಮಿಗಿ ಬಂದು ಎಲ್ಲಿ ಜೋಕಾಲಿ ಆಡ್ಲಿ ಅವು, ನಿನ್ನ ಟ್ರ್ಯಾಕ್ಟರಿಗೇನು?"

ಸಂಗಣ್ಣ ಕೊನೆಗೆ ಒಂದು ಮಾತಿಗೆ ಒಪ್ಪಿದ. ಸೀಳಿದ ಟೊಂಗೆಯ ಬುಡದ ದಪ್ಪ ಭಾಗ ಇನ್ನೂ ಮಾಳಿಗೆಯ ಮೇಲೆ ತೂಗುತ್ತಿತ್ತು. ಅದನ್ನು ಯಾರಿಗೂ ಏನೂ ಆಗದಂತೆ ಇಳಿಸುವ ಬಗೆ ಇದ್ದರೆ ಮರ ಉಳಿಯುತ್ತದೆ, ಇಲ್ಲದಿದ್ದರೆ ಅಡ್ಡೆಯವರು ಬರುತ್ತಾರೆ.

ಸುದ್ದಿ ಕೇಳಿ ನಿಡಗುಂದಿಯಿಂದ ಗುರಪ್ಪಮಾವ ಬಂದ. ದೊಡ್ಡವ್ವನ ತಮ್ಮ. ಅಣೆಕಟ್ಟಿನ ಗೇಟು ಎತ್ತಿಳಿಸುವ ಕೆಲಸದಲ್ಲಿದ್ದು ನಿವೃತ್ತನಾದವನು. ಮೀಸೆಗೆ ಕಪ್ಪು ಬಣ್ಣ, ಮಾತಿಗೆ ಇನ್ನೂ ಗಾಢ ಬಣ್ಣ. ಕೃಷ್ಣಾ ನದಿ ಅವನ ಅಪ್ಪಣೆ ಕೇಳಿಯೇ ಮುಂದೆ ಹರಿಯುತ್ತಿತ್ತು ಎಂಬಂತೆ ಕತೆ ಹೇಳುತ್ತಾನೆ. ತೊಟ್ಟಿಯಿಂದ ಗಡಗಡಿ ಎತ್ತಿ, ನೆಟ್ಟಗಾದ ಕೊಕ್ಕೆ ನೋಡಿ, ಹೊಟ್ಟೆ ಹಿಡಿದುಕೊಂಡು ನಕ್ಕ.

"ಯಕ್ಕಾ, ಕೊಡಾ ಎಳಿಯೂ ಗಡಗಡಿಗಿ ಗಿಡಾ ಎಳಿ ಅಂದ್ರೇನ? ನಡೀರಿ ನಿಡಗುಂದಿಗಿ. ಕಾಲುವಿ ಕಂತ್ರಾಟದಾರರು ಸಾಮಾನು ತಗೊಳ್ಳೂ ಅಂಗಡಿ ಐತಿ. ಕಣ್ಣು ಮುಚ್ಚಿ ಆರಸ್ತೇನಿ."

"ಕಣ್ಣು ಮುಚ್ಚಿ ಬ್ಯಾಡ" ಎಂದಳು ದೊಡ್ಡವ್ವ. "ನಾನೂ ಬರ್ತೇನಿ."

ಹೆಣ್ಣುಮಕ್ಕಳಿಗೆ ಬಸ್ಸು ಪುಕ್ಕಟೆಯಾದ ಮೇಲೆ ದೊಡ್ಡವ್ವನನ್ನು ಮನೆಯಲ್ಲಿ ಹಿಡಿಯುವುದು ಮೊದಲೇ ಕಷ್ಟವಾಗಿತ್ತು. ಹೊಸ ಚಸ್ಮಾ ಏರಿಸಿಕೊಂಡು, ಮಾವ, ಸಂಗಣ್ಣ, ನಾನು ಹತ್ತುವ ಮೊದಲೇ ಮುಂದಿನ ಸೀಟಿನಲ್ಲಿ ಕೂತಳು. ಅವಳನ್ನು ಕರೆದುಕೊಂಡು ಹೋದದ್ದು ಎಷ್ಟು ಒಳ್ಳೆಯದಾಯಿತೆಂದು ಹೇಳಬೇಕಾದರೆ ಅವಳ ಇನ್ನೊಂದು ಪ್ರತಾಪ ತಿಳಿಸಬೇಕು. ದೊಡ್ಡಪ್ಪ ಇದ್ದಾಗ ದನದ ಸಂತೆಗೆ ಎತ್ತು ಆರಿಸಲು ಹೋಗುತ್ತಿದ್ದವಳು ಅವಳು. ಒಂದು ಎತ್ತು ಎಷ್ಟು ಚೆಂದವಿದ್ದರೂ ಕೊಳ್ಳುತ್ತಿರಲಿಲ್ಲ. "ಇದರ ಜೋಡಿ ಎಲ್ಲೈತಿ?" ಎನ್ನುವುದೇ ಅವಳ ಮೊದಲ ಮಾತು. ಎರಡನ್ನೂ ಒಟ್ಟಿಗೆ ನಡೆಸಿ, ಹೆಗಲು, ಹೆಜ್ಜೆ, ಸಿಟ್ಟು ಎಲ್ಲವನ್ನೂ ನೋಡಿ, ನೊಗ ಯಾವ ಕಡೆಗೂ ವಾಲುವುದಿಲ್ಲ ಅನ್ನಿಸಿದ ಮೇಲೆಯೇ ಹ್ಞೂಂ ಎನ್ನುತ್ತಿದ್ದಳು.

ನಿಡಗುಂದಿಯ ಹೆದ್ದಾರಿ ಬದಿಯ ಆ ಅಂಗಡಿಯಲ್ಲಿ ಹೊಸ ಹಗ್ಗದ ವಾಸನೆ, ಗ್ರೀಸಿನ ವಾಸನೆ. ಗುರಪ್ಪಮಾವ ಒಳಗೆ ಹೋದವನೇ ಎಲ್ಲಕ್ಕಿಂತ ದೊಡ್ಡ ಉಕ್ಕಿನ ಗಡಗಡಿಯನ್ನು ಎರಡೂ ಕೈಯಲ್ಲಿ ಎತ್ತಿ ತಂದ.

"ಇದು ನೋಡ್ರಿ! ಗೇಟ್ ಎತ್ತೂ ಸಾಮಾನು. ನಿಮ್ಮ ಗಿಡ ಅಲ್ಲ, ನಿಮ್ಮ ಮನೀನ ಎತ್ತತೈತಿ."

ದೊಡ್ಡವ್ವ ಅಂಗಡಿಯ ಸಾಹುಕಾರರಿಂದ ದಪ್ಪ ಹಗ್ಗದ ಒಂದು ತುಂಡು ಕೇಳಿ ಪಡೆದು ಅದರ ಗಾಲಿಯ ಮೇಲೆ ಇಟ್ಟಳು. ಗಾಲಿಯ ಸುತ್ತ ಹಗ್ಗ ಕೂರಲೆಂದು ಕೊರೆದ ತೋಡು ಕಿರಿದು. ಹಗ್ಗ ಒಳಗೆ ಇಳಿಯದೆ ಮೇಲೆಯೇ ಕೂತಿತು, ಕರುವಿನ ಗೋದಲಿಗೆ ಎಮ್ಮೆ ಬಾಯಿ ಹಾಕಿದಂತೆ.

"ಗುರ್‍ಯಾ, ಇದರಾಗ ಹಗ್ಗ ಕುಂದರೂದಿಲ್ಲೋ. ನಮ್ಮ ಗಡಗಡಿದೂ ಇದ ಹಣೇಬಾರ ಆತು."

"ಹೌದ್ರಿ ಅವ್ವಾರ" ಎಂದರು ಸಾಹುಕಾರರು, ನಗು ತಡೆದುಕೊಂಡು. "ಅದು ಉಕ್ಕಿನ ತಂತಿ ಹಗ್ಗಕ್ಕ ಮಾಡಿದ್ದು. ಮಾಮಾರು ಗೇಟಿನಾಗ ಅದನ್ನ ನೋಡ್ಯಾರ."

ಗುರಪ್ಪಮಾವ ಮೀಸೆ ತಿರುವಿ, "ನಾ ಬರೇ ತೋರಿಸಿದೆ, ತಗೋರಿ ಅಂದ್ನೇನು?" ಎಂದ.

ಸಾಹುಕಾರರು ಇನ್ನೊಂದು ತಂದರು. ಅಗಲವಾದ, ದುಂಡನೆಯ ತೋಡು, ದೊಡ್ಡ ಗಾಲಿ. ಬದಿಯ ತಗಡು ಬಾಗಿಲಿನಂತೆ ತೆರೆದು ಹಗ್ಗ ಹಾಕಿ ಮತ್ತೆ ಮುಚ್ಚಬಹುದು. ಮುಚ್ಚಿದ ಮೇಲೆ ಹಗ್ಗ ಪಕ್ಕಕ್ಕೆ ನುಸುಳಲು ಸಂದಿಯೇ ಇಲ್ಲ. ದೊಡ್ಡವ್ವ ಹಗ್ಗ ಇಟ್ಟು ನೋಡಿದಳು. ತೋಡಿನಲ್ಲಿ ಅದು ಮಡಿಲಲ್ಲಿ ಕೂಸು ಮಲಗಿದಂತೆ ಮಲಗಿತು. ಇನ್ನೂ ತೆಳುವಾದ ಹಗ್ಗವನ್ನೂ ಇಟ್ಟು ನೋಡಿದಳು, ಅದು ಒಳಗೆ ಅತ್ತಿತ್ತ ಹೊರಳಾಡಿತು. ಮತ್ತೆ ಮೊದಲಿನದನ್ನೇ ಇಟ್ಟು, "ಇವೆರಡೂ ಜೋಡಿ ಆದವು" ಎಂದಳು. ಮುಖದ ಮೇಲೆ ದನದ ಸಂತೆಯ ಹಳೇ ಕಳೆ ಬಂದಿತ್ತು.

ಗುರಪ್ಪಮಾವನೂ ಸುಮ್ಮನಿರುವವನಲ್ಲ. ಹಗ್ಗ ಸ್ವಲ್ಪ ಹಿಗ್ಗುವಂಥದ್ದಿರಬೇಕು, ಆದರೆ ರಬ್ಬರಿನಂತೆ ಕುಣಿಯಬಾರದು ಎಂದ. ಭಾರವನ್ನು ಬಿಟ್ಟು ಹಿಡಿದು ಬಿಟ್ಟು ಹಿಡಿದು ಜರ್ಕು ಕೊಟ್ಟರೆ ಗಟ್ಟಿಯಾದದ್ದೂ ಹರಿಯುತ್ತದೆ, ಗೇಟಿನಲ್ಲಿ ಅವರು ಅದಕ್ಕೇ ಹೆದರುತ್ತಿದ್ದರು ಎಂದ. ಅದು ಮಾತ್ರ ಬಣ್ಣ ಹಚ್ಚದ ಮಾತು. ಸಂಗಣ್ಣ ತಲೆ ತಗ್ಗಿಸಿದ.

ಉಳಿದದ್ದು ಮರಕ್ಕೆ ಸುತ್ತುವ ಪಟ್ಟಿ. ಸಾಹುಕಾರರು ನೇಯ್ದ ಪಟ್ಟಿಗಳನ್ನು ಹರವಿದರು. ಸಂಗಣ್ಣ ತೆಳುವಾದದ್ದೊಂದನ್ನು ಎತ್ತಿಕೊಂಡ, ಟೊಂಗೆಯ ಭಾರವನ್ನು ಅದು ತಡೆಯುತ್ತದೆಂದು ಅದರ ಮೇಲೆಯೇ ಬರೆದಿತ್ತು. ಇಲ್ಲಿ ನನ್ನ ಕಾಲೇಜು ಒಮ್ಮೆ ಕೆಲಸಕ್ಕೆ ಬಂತು. ಮೂಲೆಯ ರದ್ದಿ ಕಾಗದದ ಮೇಲೆ ಗಡಗಡಿಯ ಚಿತ್ರ ಬರೆದೆ. ಈ ಕಡೆಯಿಂದ ಟೊಂಗೆ ಕೆಳಗೆ ಎಳೆಯುತ್ತದೆ. ಅದನ್ನು ಹಿಡಿದಿಡಲು ಆ ಕಡೆಯಿಂದ ನಾವೂ ಅಷ್ಟೇ ಕೆಳಗೆ ಎಳೆಯುತ್ತೇವೆ. ಹಗ್ಗಕ್ಕೆ ಒಂದು ಪಾಲು ಭಾರ, ಆದರೆ ಮೇಲಿನ ಗಡಗಡಿಗೂ ಅದನ್ನು ಹೊತ್ತ ಪಟ್ಟಿಗೂ ಎರಡು ಪಾಲು.

ದೊಡ್ಡವ್ವ ಚಿತ್ರವನ್ನು ಅತ್ತಿತ್ತ ತಿರುಗಿಸಿ ನೋಡಿದಳು. ಆಮೇಲೆ ಅವಳ ಮುಖ ಅರಳಿತು.

"ಅಂದ್ರ ಅತ್ತಿ ಈ ಕಡೆ ಜಗ್ತಾಳ, ಸೊಸಿ ಆ ಕಡೆ ಜಗ್ತಾಳ, ನಡುವಿನ ಗಂಡಸಿನ ಮ್ಯಾಲೆ ಇಬ್ಬರದೂ ಭಾರ. ಹಂಗಲ್ಲೇನೋ?"

"ಹಂಗ, ದೊಡ್ಡವ್ವಾ."

"ಹಂಗಾದ್ರ ಪಟ್ಟಿ ಎಲ್ಲಾದಕ್ಕಿಂತಾ ಗಟ್ಟಿ ಇರಬೇಕು. ಸಂಗ್ಯಾ, ಆ ತೆಳ್ಳಂದು ಅಲ್ಲೆ ಇಡು. ನಿನಗಿಂತಾ ಗಟ್ಟಿ ಇದ್ದದ್ದು ಹುಡುಕು."

ಅಂಗಡಿಯೆಲ್ಲ ನಕ್ಕಿತು. ಸಂಗಣ್ಣ ಕಿವಿಯವರೆಗೆ ಕೆಂಪಾದ, ಆದರೆ ಆ ಅಪಘಾತದ ಮೇಲೆ ಅವನು ನಕ್ಕದ್ದು ಅದೇ ಮೊದಲು. ಅಗಲವಾದ, ದಪ್ಪ ಪಟ್ಟಿಯನ್ನೇ ಆರಿಸಿದೆವು. ದೊಡ್ಡವ್ವ ಮೂರನ್ನೂ ಅಂಗಡಿಯ ಹೊಸ್ತಿಲ ಮೇಲೆ ಸಾಲಾಗಿಟ್ಟು, ಪಟ್ಟಿಗೆ ಗಡಗಡಿ ಹಾಕಿಸಿ, ಗಡಗಡಿಗೆ ಹಗ್ಗ ಹಾಕಿಸಿ, ಸಾಹುಕಾರರ ಕೈಯಿಂದಲೇ ಜಗ್ಗಿಸಿ ನೋಡಿದಳು. ಅವರು ಪಾಪ, ಬೆವರಿದರು. ಎತ್ತಾಗಿದ್ದರೆ ಹಲ್ಲನ್ನೂ ಎಣಿಸುತ್ತಿದ್ದಳು.

ಟೊಂಗೆ ಇಳಿಸುವ ದಿನ ಬೀರಪ್ಪ ಮತ್ತೆ ಬಂದ. ಈ ಸಲ ಮೊದಲು ತನ್ನ ಸೊಂಟವನ್ನು ಮರಕ್ಕೆ ಬಿಗಿದುಕೊಂಡ. ಬಾಯಿ ಮಾತ್ರ ಬಿಚ್ಚಿಯೇ ಇತ್ತು. "ಅವ್ವಾರ, ಜೋಳದ ಬುಟ್ಟಿ ಹೊರಗ ಇಡ್ರಿ. ನನ್ನ ಆಡು ಡ್ಯೂಟಿ ಮ್ಯಾಲೆ ಬಂದೈತಿ!"

"ನಿನ್ನ ಆಡಿಗಿ ಪೆನ್ಶನ್ ಕೊಡಸ್ತೇನಿ, ಮದಲ ನೀ ಇಳಿ ನೋಡೂಣು" ಎಂದಳು ದೊಡ್ಡವ್ವ. ಅವಳು ಕೂತದ್ದು ದೂರದ ಕಟ್ಟೆಯ ಮೇಲೆ. ನಾನು ಬೂದಿಯಿಂದ ಅಂಗಳದಲ್ಲಿ ದೊಡ್ಡ ಗೆರೆ ಎಳೆದೆ, ಅದರೊಳಗೆ ಯಾರೂ ಕಾಲಿಡುವಂತಿಲ್ಲ. ನನಗೆ ಒಪ್ಪಿಸಿದ ಇನ್ನೊಂದು ಕೆಲಸ ಕರಿಯ ಆಡನ್ನು ಹಿಡಿದುಕೊಳ್ಳುವುದು. ಪದವೀಧರನಿಗೆ ತಕ್ಕ ಹೊಣೆ ಎಂದು ಗುರಪ್ಪಮಾವ ಹೊಗಳಿದ.

ಹಗ್ಗದ ಕೊನೆಯನ್ನು ಈ ಸಲ ಬರಿಗೈಯಲ್ಲಿ ಹಿಡಿಯಲಿಲ್ಲ. ಅಂಗಳದ ಕಲ್ಲುಗಂಬಕ್ಕೆ ಸುತ್ತು ಹಾಕಿ, ಸಡಿಲವಿಲ್ಲದಂತೆ ಬಿಗಿದು, ಸಂಗಣ್ಣ ನಿಂತ. ಬೀರಪ್ಪ ಗರಗಸ ಎಳೆದ. ಟೊಂಗೆ ಒಮ್ಮೆ ನರಳಿ ಬಿಟ್ಟುಕೊಂಡಿತು. ಆಡಿನ ಕೊರಳನ್ನು ನಾನು ಎಷ್ಟು ಬಿಗಿಯಾಗಿ ಹಿಡಿದೆನೆಂದರೆ ಅದು ಬ್ಯಾ ಎಂದು ಅರಚಿತು. ಕವಲಿನ ಪಟ್ಟಿ ಬಿಗಿಯಿತು, ಹಗ್ಗ ತುಸು ಹಿಗ್ಗಿತು. ನಾನು ಆ ಸದ್ದಿಗಾಗಿ ಕಾದೆ. ಬರಲಿಲ್ಲ. ಗಾಲಿ ಸುಮ್ಮನೆ ತಿರುಗತೊಡಗಿತು, ಎಣ್ಣೆ ಹಾಕಿದ ತೊಟ್ಟಿಲಿನಂತೆ. ಮಾಳಿಗೆಯ ಅಂಚನ್ನು ಸವರದೆ, ತಗಡನ್ನು ಮುಟ್ಟದೆ, ಆ ಸೊಕ್ಕಿನ ಟೊಂಗೆ ತಲೆ ತಗ್ಗಿಸಿ ಬಂದು ಗೆರೆಯ ನಡುವೆ ಮಲಗಿತು.

"ಇಳದಾಳ!" ಎಂದು ಬೀರಪ್ಪ ಕೂಗಿದ. ಸಂಗಣ್ಣ ಹಗ್ಗ ಬಿಟ್ಟು ಅಲ್ಲೇ ಕುಸಿದು ಕೂತು ನಗತೊಡಗಿದ, ಕಣ್ಣೊರೆಸಿಕೊಂಡ, ಮತ್ತೆ ನಕ್ಕ. ಅಡ್ಡೆಯವರ ಮಾತು ಅವನ ಬಾಯಿಂದ ಮತ್ತೆ ಬರಲಿಲ್ಲ. ದೊಡ್ಡವ್ವ ಬಂದು ಬೀರಪ್ಪ ಕೆಳಗಿಳಿಸಿಕೊಟ್ಟ ಗಡಗಡಿಯನ್ನು ಮುಟ್ಟಿ ನೋಡಿದಳು, ಬಿಸಿಯಾಗಿತ್ತು. ಅದಕ್ಕೂ ಕುಂಕುಮ ಹಚ್ಚಿದಳು. ಹಳೇ ಗಡಗಡಿಯ ಕೊಕ್ಕೆಯನ್ನು ಕಮ್ಮಾರನಿಂದ ಬದಲಿಸಿ ಬಾವಿಗೇ ಹಾಕಿಸಿದಳು. "ಅದರ ದಗದ ನೀರು ಎಳಿಯೂದು. ಅದರಾಗ ಅದು ಶಾಣ್ಯಾ ಐತಿ" ಎನ್ನುವುದು ಅವಳ ತೀರ್ಪು.

ಅಲ್ಲಿಗೆ ಎಲ್ಲರಿಗೂ ಕತೆ ಮುಗಿಯಿತು, ನನಗೆ ಮುಗಿಯಲಿಲ್ಲ. ಎರಡನೆಯ ಟೊಂಗೆ ಎಷ್ಟು ಚೆಂದ ಇಳಿದರೂ ಕಣ್ಣು ಮುಚ್ಚಿದರೆ ಬರುವುದು ಮೊದಲನೆಯದೇ. ಆಮೇಲಿನ ಎರಡು ಪಂಚಮಿಗಳನ್ನೂ ಕಟ್ಟೆಯ ಮೇಲೆ ಕೂತೇ ಕಳೆದೆ.

ಈ ಸಲ ಹೋದೆ. ಇಂಡಿಯವಳೂ ಮುದ್ದೇಬಿಹಾಳದವಳೂ ಆಗಲೇ ಬಂದು ಜೋಕಾಲಿ ಯಾಕೆ ಇನ್ನೂ ಕಟ್ಟಿಲ್ಲವೆಂದು ಸಂಗಣ್ಣನ ಜೀವ ತಿನ್ನುತ್ತಿದ್ದರು. ದೊಡ್ಡವ್ವನ ಮನೆಯಲ್ಲಿ ಈಗ ಜೋಕಾಲಿ ಕಟ್ಟುವುದೆಂದರೆ ಸುಮ್ಮನೆ ಮಾತಲ್ಲ. ಟೊಂಗೆಗೆ ಅಗಲ ಪಟ್ಟಿಗಳು, ತೊಗಟೆ ಉಜ್ಜದಂತೆ ಕೆಳಗೆ ಗೋಣಿತಟ್ಟು, ಪಟ್ಟಿಗೆ ಕಬ್ಬಿಣದ ಬಳೆ, ಬಳೆಗೆ ಹಗ್ಗ. ಪ್ರತಿಯೊಂದನ್ನೂ ಚಸ್ಮಾ ಏರಿಸಿ ಪರೀಕ್ಷಿಸಿ, ಜೋಡಿ ಆಯಿತು ಎಂದ ಮೇಲೆಯೇ ಹಲಗೆ ಏರುತ್ತದೆ. ಬೀರಪ್ಪನ ಆಡಿಗೆ ಮೊದಲ ಉಂಡಿ. ಇದು ಈಗ ಆ ಮನೆಯ ಪದ್ಧತಿ, ಮುರಿಯುವ ಧೈರ್ಯ ಯಾರಿಗೂ ಇಲ್ಲ.

ಹೆಣ್ಣುಮಕ್ಕಳು ಆಡಿ ದಣಿದ ಮೇಲೆ ದೊಡ್ಡವ್ವ ಹಲಗೆಯ ಮೇಲೆ ಕೂತಳು. ಸುತ್ತ ನೋಡಿ, ಕಟ್ಟೆಯ ಮೇಲಿದ್ದ ನನ್ನನ್ನೇ ಕರೆದಳು. "ತಮ್ಮಾ, ಬಾ ಇಲ್ಲೆ. ತೂಗು."

"ಸಂಗಣ್ಣ ಅದಾನಲ್ಲ ದೊಡ್ಡವ್ವಾ."

"ಅವಾ ಅತ್ತಿ ಸೊಸಿ ಭಾರ ಹೊತ್ತು ದಣದಾನ. ನೀ ಬಾ."

ಎದ್ದು ಹೋದೆ. ಬೆನ್ನ ಹಿಂದೆ ನಿಂತು ಮೊದಲು ಮೇಲೆ ನೋಡಿದೆ. ಪಟ್ಟಿ, ಬಳೆ, ಹಗ್ಗ. ಮತ್ತೊಮ್ಮೆ ನೋಡಿದೆ. ಆಮೇಲೆ ಮೆಲ್ಲಗೆ ದೂಡಿದೆ. ಕಬ್ಬಿಣದ ಬಳೆ 'ಕಿರ್ರ್' ಎಂದಿತು. ನನ್ನ ಎದೆ ನಿಂತಿತು, ಆದರೆ ಜೋಕಾಲಿ ನಿಲ್ಲಲಿಲ್ಲ. ಮುಂದೆ ಹೋಗಿ, ಹಿಂದೆ ಬಂದು, ಅವಳ ಬೆನ್ನು ನನ್ನ ಕೈಗೆ ತಾಗಿತು, ಬೆಚ್ಚಗೆ. ಮತ್ತೆ ಕಿರ್ರ್. ಹೋಗುವಾಗ ಒಮ್ಮೆ, ಬರುವಾಗ ಒಮ್ಮೆ. ಎರಡನೆಯದು ಇರುತ್ತದೆಂದು ಇಷ್ಟು ದಿನ ನನಗೆ ಗೊತ್ತಿರಲಿಲ್ಲ.

"ಇಷ್ಟ ಏನು? ಸಾಲಿ ಮಾಸ್ತರ ತಿಂದ ಉಂಡಿ ಎಲ್ಲಿ ಹ್ವಾದವು? ಜೋರ್ ದೂಡೋ!"

ಜೋರಾಗಿ ದೂಡಿದೆ. ಸೆರಗು ಜಾರಿ, ಬಿಳಿ ಕೂದಲು ಹಾರಿ, ದೊಡ್ಡವ್ವ ಎತ್ತರಕ್ಕೆ ಹೋಗಿ ಬೇವಿನ ಒಂದು ಎಲೆಯನ್ನು ಬಾಯಿಂದ ಕಚ್ಚಿಕೊಂಡು ಬಂದಳು. ಹೆಣ್ಣುಮಕ್ಕಳು ಹೋ ಎಂದರು. ಎಲೆ ಕಹಿ ಎಂದು ಉಗುಳಿ, ಇನ್ನೂ ಜೋರು ಎಂದಳು. ಎಷ್ಟು ಹೊತ್ತು ತೂಗಿದೆನೋ, ತೋಳು ಸೋತು ಅಲ್ಲೇ ಪಕ್ಕದಲ್ಲಿದ್ದ ಹೊಸ ಹೊರಸಿನ ಮೇಲೆ ಕುಕ್ಕರಿಸಿದೆ. ಯಾರೋ ಕೈಗೆ ಚಹಾ ಕೊಟ್ಟರು. ಬಸಿಗೆ ಸುರಿದು ಅರ್ಧ ಕುಡಿದ ಮೇಲೆ ತಲೆ ಎತ್ತಿದರೆ ನೆತ್ತಿಯ ಮೇಲೆ, ಟೊಂಗೆ ಕೊಯ್ದ ಜಾಗದಲ್ಲಿ, ಎಳೆ ಬೇವಿನ ಕೆಂಪು ಚಿಗುರು ಗಾಳಿಗೆ ಆಡುತ್ತಿತ್ತು.

"ಏಯ್, ಅದು ನನ್ನ ಜಾಗಾ. ಏಳು ಅಲ್ಲಿಂದ" ಎಂದಳು ದೊಡ್ಡವ್ವ ಜೋಕಾಲಿಯ ಮೇಲಿಂದ.

ಚಹಾ ಮುಗಿಸಿಕೊಂಡೇ ಎದ್ದೆ.